ಹಿಡಿಕೆಯಿಲ್ಲದ ಅಚ್ಚಿನ ಯಂತ್ರ

ನರಗುಂದದಲ್ಲಿ ನಾನಿರುವುದು ತಂಗಿಯ ಮಗಳ ಮನೆಯಲ್ಲಿ. ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ರೇಷ್ಮಾ ಎಂಬ ಹುಡುಗಿ ಬಟ್ಟೆಯ ಚೀಲಗಳ ಮೇಲೆ ಅಂಗಡಿಗಳ ಹೆಸರು ಅಚ್ಚು ಹಾಕುತ್ತಾಳೆ. ಚೌಕಟ್ಟಿಗೆ ತೆಳ್ಳಗಿನ ಬಟ್ಟೆ ಬಿಗಿದಿರುತ್ತದೆ. ಅದರ ಮೇಲೆ ಬಣ್ಣ ಸುರಿದು ರಬ್ಬರಿನ ಪಟ್ಟಿಯಿಂದ ಎಳೆಯುತ್ತಾಳೆ. ಎತ್ತಿದರೆ ಕೆಳಗಿನ ಚೀಲದ ಮೇಲೆ ಹೆಸರು ಕೂತಿರುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಅನ್ನುತ್ತಾರೆ. ನಾನು ಆ ಕೋಣೆಯ ಕಡೆ ಹೋಗುವುದಿಲ್ಲ. ಮೊನ್ನೆ ಚಹದ ಪುಡಿ ಕೇಳಲು ಹೋಗಬೇಕಾಯಿತು. ಅವಳು ಚೌಕಟ್ಟನ್ನು ಚಿಮಣಿ ಎಣ್ಣೆಯಲ್ಲಿ ಒರೆಸುತ್ತಿದ್ದಳು.

"ಅಜ್ಜಿ, ಹೊರಗ ನಿಂದರ್ರಿ. ಈ ವಾಸನಿಗೆ ತಲಿ ತಿರಗತೈತಿ," ಅಂದಳು.

"ನನಗೇನ ತಿರಗೂದಿಲ್ಲ. ನೀ ಬಣ್ಣಾ ದಪ್ಪ ಹಚ್ಚೀದಿ. ಅಕ್ಷರದ ಹೊಟ್ಟಿ ತುಂಬ್ಯಾವ ನೋಡು."

ಚೀಲ ಎತ್ತಿ ಬೆಳಕಿಗೆ ಹಿಡಿದಳು. "ಖರೇ ಐತ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಕಣ್ಣ ಅದಾವ, ಕಂಡತು," ಅಂದು ಚಹದ ಪುಡಿ ಇಸಿದುಕೊಂಡು ಬಂದೆ.

ಬಂದು ಚಹ ಮಾಡಿಕೊಳ್ಳಲಿಲ್ಲ. ಚಿಮಣಿ ಎಣ್ಣೆ, ಶಾಯಿ, ಎರಡೂ ಕೂಡಿದ ಆ ವಾಸನೆ ಮೂಗಿನಲ್ಲಿ ಕೂತುಬಿಟ್ಟಿತ್ತು. ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಒಂದೇ ವರ್ಷದ ಸಂಗತಿ. ನಮ್ಮ ಕಡೆ ಇನ್ನೂ ಮುಂಬಯಿ ಸರಕಾರ ಇತ್ತು.

ನನ್ನ ತವರು ಲಕ್ಕಲಕಟ್ಟಿ. ಗಜೇಂದ್ರಗಡಕ್ಕೆ ಕೊಟ್ಟಿದ್ದರು. ನಮ್ಮ ಮನೆಯವರಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಬಲಗಾಲು ಸೊರಗಿತ್ತು, ಕೋಲು ಹಿಡಿದು ನಡೆಯುತ್ತಿದ್ದರು. ಹೊಲದ ಕೆಲಸ ಇವನಿಂದ ಆಗದು ಎಂದು ಅವರಪ್ಪ ಹತ್ತನೆಯ ವಯಸ್ಸಿಗೇ ಗದಗಿನ ಒಂದು ಅಚ್ಚಿನ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಮೊಳೆ ಜೋಡಿಸುವುದನ್ನು ಕಲಿತರು. ಮೊಳೆ ಎಂದರೆ ಸೀಸದ ಸಣ್ಣ ತುಂಡು. ಅದರ ತುದಿಗೆ ಒಂದು ಅಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಮುನ್ನೂರು ಚಿಲ್ಲರೆ ಖಾನೆಗಳ ಮರದ ತಟ್ಟೆಗಳಲ್ಲಿ ಮೊಳೆಗಳಿರುತ್ತವೆ, ಒಂದೊಂದನ್ನೇ ಹೆಕ್ಕಿ ಸಾಲು ಮಾಡಬೇಕು. ಇವರ ಬಲಗೈ ಆ ಖಾನೆಗಳ ಮೇಲೆ ಓಡಾಡುವುದು ಗುಬ್ಬಿ ಜೋಳ ಹೆಕ್ಕಿದಂತಿತ್ತು. ಕಣ್ಣು ಕಾಗದದ ಮೇಲೆ, ಬಾಯಿ ನನ್ನ ಜೊತೆ ಜಗಳದಲ್ಲಿ, ಕೈ ಮಾತ್ರ ತನ್ನ ಪಾಡಿಗೆ ತಾನು ಹೆಕ್ಕುತ್ತಿತ್ತು.

ಜಗಳ ಅಂದೆ. ನಮ್ಮಿಬ್ಬರ ನಡುವೆ ಅದೇ ಮಾತು. ಅವರು ಒಂದು ಅಂದರೆ ನಾನು ಅದನ್ನು ಬಿಟ್ಟು ಬೇರೆ ಮಾಡುವವಳು. ಅವರಿಗೂ ಅದು ರೂಢಿಯಾಗಿತ್ತು.

ನರಗುಂದದಲ್ಲಿ ಒಬ್ಬರ ದನದ ಕೊಟ್ಟಿಗೆಯಲ್ಲಿ ಹಳೆಯ ಅಚ್ಚಿನ ಯಂತ್ರ ಬಿದ್ದಿದೆ ಎಂಬ ಸುದ್ದಿ ಬಂದದ್ದು ಮದುವೆಯಾದ ಮರುವರ್ಷದ ಚಳಿಗಾಲದಲ್ಲಿ. ಅಚ್ಚು ಹಾಕುತ್ತಿದ್ದಾತ ಸತ್ತು ಬಹಳ ವರ್ಷವಾಗಿತ್ತು. ಇವರು ಹೋಗಿ ನೋಡಿ ಬಂದರು. ಬಂದವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

"ತುಕ್ಕ ತಿಂದೈತಿ. ಮುರದಿಲ್ಲ," ಅಂದರು.

"ಮುರದಿಲ್ಲಂದ್ರ ತರ್ರಿ. ಹಿಂಗ ಊಟಾ ಬಿಟ್ಟ ಕುಂತ್ರ ಅದೇನ ನಡಕೋತ ಬರತೈತೇನು?"

ಎತ್ತಿನ ಗಾಡಿಯಲ್ಲಿ ತಂದೆವು. ನೀನು ಬರಬೇಡ ಅಂದರು, ನಾನೂ ಹೋದೆ. ಹೋಗಿ ನೋಡಿದರೆ ಯಂತ್ರದ ಎರಡು ಕಬ್ಬಿಣದ ಹಲಗೆಗಳ ನಡುವೆ ಕೋಳಿಯೊಂದು ಕಾವಿಗೆ ಕೂತಿದೆ. ಕೊಟ್ಟಿಗೆಯ ಯಜಮಾನತಿ, ಕೋಳಿ ಏಳುವ ತನಕ ಮುಟ್ಟಬೇಡಿ ಎಂದು ಹಟ ಹಿಡಿದಳು. "ನಿಮ್ಮ ಮಷೀನ ಹತ್ತ ವರ್ಷ ಕುಂತೈತಿ, ನನ್ನ ಕೋಳಿ ಇನ್ನ ಹತ್ತ ದಿನಾ ಕುಂತ್ರ ಏನ ಗಂಟ ಹೋಗತೈತಿ?" ಅಂದಳು. ಕಡೆಗೆ ಬುಟ್ಟಿಯಲ್ಲಿ ಹುಲ್ಲು ಹಾಸಿ, ಮೊಟ್ಟೆ ಸಮೇತ ಕೋಳಿಯನ್ನು ನಾನೇ ಎತ್ತಿ ಅದರಲ್ಲಿ ಕೂರಿಸಿದೆ. ಮುಂಗೈ ತುಂಬ ಕುಕ್ಕಿ ಹಾಕಿತು. ಮೊಳೆಗಳು ಗೋಣಿಚೀಲಗಳಲ್ಲಿ ಎಲ್ಲಾ ಒಂದರಲ್ಲೊಂದು ಬೆರೆತು ಬಿದ್ದಿದ್ದವು. ಅವನ್ನೂ ಗಾಡಿಗೆ ಹೇರಿದೆವು.

ದಾರಿಯಲ್ಲಿ ರೋಣದಲ್ಲಿ ನಿಂತು ಹುಸೇನಸಾಬನನ್ನು ಕಂಡೆವು. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಅವನು ಫಿಟ್ಟರ್. ಗದಗಿನಲ್ಲಿದ್ದಾಗಿನಿಂದ ಇವರ ಗೆಳೆಯ. ಗಾಡಿಯ ಮೇಲೆ ಹತ್ತಿ ಯಂತ್ರವನ್ನು ಸುತ್ತ ತಟ್ಟಿ ನೋಡಿ, "ಅಣ್ಣಾ, ಇದು ಸತ್ತಿಲ್ಲ, ನಿದ್ದಿ ಹೊಡಿಯಾಕತ್ತೈತಿ," ಅಂದ. ಅವನ ಮಿಲ್ಲಿಗೆ ಹತ್ತಿ ಬರುವುದು ಇನ್ನೂ ಶುರುವಾಗಿರಲಿಲ್ಲ. ಹದಿನೈದು ದಿನ ನಮ್ಮ ಮನೆಯಲ್ಲೇ ಇದ್ದು ಯಂತ್ರವನ್ನು ಎಬ್ಬಿಸಿದ. ಪ್ರತಿ ತುಂಡನ್ನೂ ಬಿಚ್ಚಿ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ ಇಟ್ಟಿಗೆ ಪುಡಿಯಿಂದ ತಿಕ್ಕಿದೆವು. ನನ್ನ ಅಡುಗೆ ಪಾತ್ರೆ ಒಂದೂ ಬಿಡಲಿಲ್ಲ, ಎಲ್ಲದರಲ್ಲೂ ಕಬ್ಬಿಣ ನೆನೆದಿತ್ತು. ತಿಂಗಳುಗಟ್ಟಲೆ ರೊಟ್ಟಿಗೆ ಚಿಮಣಿ ಎಣ್ಣೆಯ ವಾಸನೆ. ಅತ್ತ ಇವರು ಗೋಣಿಚೀಲ ಸುರುವಿಕೊಂಡು ಕೂತು ಮೊಳೆಗಳನ್ನು ಖಾನೆ ಖಾನೆಗೆ ವಿಂಗಡಿಸಿದರು. ನಲವತ್ತು ದಿನ ಹಿಡಿಯಿತು. ಬೇಸರವಿಲ್ಲ, ಬೈಗುಳವಿಲ್ಲ. ಅಷ್ಟು ಸುಮ್ಮನೆ ಅವರನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಯಂತ್ರ ಹೇಗಿತ್ತು ಎಂದು ಹೇಳಿಬಿಡಬೇಕು. ಕಾಲಲ್ಲಿ ತುಳಿಯುವಂಥದ್ದು, ಟ್ರೆಡಲ್ ಅನ್ನುತ್ತಿದ್ದರು. ಒಂದು ಹಲಗೆಯ ಮೇಲೆ ಜೋಡಿಸಿದ ಮೊಳೆ, ಎದುರಿನ ಹಲಗೆಯ ಮೇಲೆ ಕಾಗದ. ತುಳಿದರೆ ಪಕ್ಕದ ದೊಡ್ಡ ಚಕ್ರ ತಿರುಗಿ ಎರಡೂ ಹಲಗೆ ಬಾಯಿ ಮುಚ್ಚಿದಂತೆ ಕೂಡುತ್ತವೆ, ಬಾಯಿ ತೆರೆದಂತೆ ಅಗಲುತ್ತವೆ. ತೆರೆದಾಗ ಎಡಗೈಯಿಂದ ಅಚ್ಚಾದ ಹಾಳೆ ತೆಗೆಯಬೇಕು, ಬಲಗೈಯಿಂದ ಹೊಸ ಹಾಳೆ ಇಡಬೇಕು. ಎಲ್ಲ ಕಡೆ ಒಬ್ಬನೇ ಮಾಡುವ ಕೆಲಸ ಇದು. ನಮ್ಮವರಿಗೆ ತುಳಿಯುವ ಕಾಲಿಲ್ಲ. ಅದಕ್ಕೆ ಅವರು ಎತ್ತರದ ಮಣೆಯ ಮೇಲೆ ಕೂತು ಕೈಯ ಕೆಲಸ ಮಾಡುವುದು, ನಾನು ಎಡಪಕ್ಕಕ್ಕೆ ಚಕ್ರದ ಹತ್ತಿರ ನಿಂತು ತುಳಿಯುವುದು ಎಂದಾಯಿತು. ನಿಲ್ಲಿಸಬೇಕಾದಾಗ ಅವರು ಎತ್ತಿಗೆ ಹೇಳುವಂತೆ "ಹೋ" ಅನ್ನುತ್ತಿದ್ದರು.

"ನನ್ನ ಎತ್ತ ಮಾಡಿಬಿಟ್ರಿ," ಅಂದೆ ಒಮ್ಮೆ.

"ಎತ್ತಾದ್ರ ಹೇಳಿದ್ದ ಕೇಳತಿದ್ವು," ಅಂದರು. ಹುಸೇನಸಾಬ ಬಿದ್ದು ಬಿದ್ದು ನಕ್ಕ.

ಒಂದು ಮಾತ್ರ ಕೂಡಿಬರಲಿಲ್ಲ. ಆ ಯಂತ್ರಕ್ಕೆ ಪಕ್ಕದಲ್ಲಿ ಒಂದು ಹಿಡಿಕೆ ಇರಬೇಕು. ಅದನ್ನು ದೂಡಿದರೆ, ಚಕ್ರ ತಿರುಗುತ್ತಿದ್ದರೂ ಹಲಗೆಗಳು ಪೂರ್ತಿ ಕೂಡುವುದಿಲ್ಲ, ನಡುವೆ ಬೆರಳಗಲ ಸಂದಿ ಉಳಿಯುತ್ತದೆ. ನಮ್ಮದರಲ್ಲಿ ಅದು ಬುಡಕ್ಕೇ ಮುರಿದು ಎಲ್ಲೋ ಹೋಗಿತ್ತು. ಚಕ್ರವೋ ಭಾರ. ನಾನು ಕಾಲು ತೆಗೆದರೂ ಎರಡು ಮೂರು ಸುತ್ತು ತಾನೇ ಹೋಗಿ ನಿಲ್ಲುತ್ತಿತ್ತು.

ಅಷ್ಟರಲ್ಲಿ ಮಿಲ್ಲಿಗೆ ಹತ್ತಿ ಬರತೊಡಗಿ ಹುಸೇನಸಾಬನಿಗೆ ಕರೆ ಬಂತು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ಅಣ್ಣಾ, ಹಿಡಿಕಿ ಇಲ್ದ ಓಡಸಬ್ಯಾಡ್ರಿ. ಮಿಲ್ ಹಂಗಾಮ ಮುಗಿಲಿ, ಮಳಿ ಬಿದ್ದ ಕೂಡ್ಲೆ ಬಂದ ಮಾಡಿಕೊಡತೀನಿ."

"ಮಳಿ ಬೀಳೂತನಕ ಲಗ್ನದ ಹಂಗಾಮ ಮುಗೀತೈತೆಲ್ಲೋ ಹುಸೇನಾ," ಅಂದರು ಇವರು. "ನಾವು ಸಾವಕಾಶ ಹೊಡೀತೀವಿ ತಗೋ."

ಅವನು ನನ್ನ ಕಡೆ ನೋಡಿದ. "ಅಕ್ಕಾ, ನೀವರ ಹೇಳ್ರಿ." ನಾನು ಹೇಳಿದೆ. ಅವತ್ತು ಸಂಜೆಯೂ ಹೇಳಿದೆ, ಮರುದಿನವೂ ಹೇಳಿದೆ. ಇದೇ ಊರಿನ ಕಮ್ಮಾರನಿಂದ ಮಾಡಿಸಿ ಅಂದೆ. ಅವನಿಗೆ ಯಂತ್ರದ ಕೆಲಸ ಗೊತ್ತಿಲ್ಲ, ಕೆಡಿಸುತ್ತಾನೆ ಅಂದರು. ಆಮೇಲೆ ಲಗ್ನದ ಪತ್ರಿಕೆಗಳು ಬರತೊಡಗಿದವು, ಹಿಡಿಕೆಯ ಮಾತು ಹಿಂದೆ ಬಿತ್ತು.

ಮೊಳೆಗಳ ಮೇಲೆ ಉರುಳಿ ಶಾಯಿ ಹಚ್ಚುವ ರೂಳುಗಳನ್ನು ನಾವೇ ಎರೆಯುತ್ತಿದ್ದೆವು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ, ಬೆಲ್ಲದಿಂದ ಮಾಡುತ್ತಿದ್ದೆವು. ಬಡಗಿಗಳು ಬಳಸುವ ಸರೇಸು ಎಂಬ ಅಂಟನ್ನು ನೆನೆಸಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಜೋನಿಬೆಲ್ಲ ಬೆರೆಸಿ, ನಡುವೆ ಕಬ್ಬಿಣದ ಸಲಾಕೆ ನಿಲ್ಲಿಸಿದ ಕೊಳವೆಗೆ ಸುರಿಯುವುದು. ಆರಿದ ಮೇಲೆ ಎಳೆದರೆ ಮೆತ್ತಗೆ, ಮಗುವಿನ ಗಲ್ಲದ ಹಾಗಿರುವ ರೂಳು ಹೊರಗೆ ಬರುತ್ತಿತ್ತು. ಸರೇಸು ಚರ್ಮ ಬೇಯಿಸಿ ಮಾಡಿದ್ದು, ನಾರುತ್ತದೆ. ಒಳಗೆ ಒಲೆಯ ಮೇಲೆ ಬೇಡವೆಂದು ಹಿತ್ತಲಲ್ಲಿ ಮೂರು ಕಲ್ಲು ಹೂಡಿದ್ದೆ. ಎದುರು ಮನೆಯ ನೇಕಾರರ ನೀಲವ್ವ ಮೂಗಿಗೆ ಸೆರಗು ಹಿಡಿದು ಬಂದು, "ಗಂಗವ್ವಾ, ಏನ ಅಡಗಿ ಮಾಡೀದಿ? ನಾಯಿ ಸೈತ ಓಣಿ ಬಿಟ್ಟ ಹೋದ್ವು," ಅಂದಳು.

"ಪಾಯಸಾ ಮಾಡೀನಿ, ಬೆಲ್ಲಾ ಹಾಕೀನಿ, ಉಣ್ಣ ಬಾ," ಅಂದೆ.

ರೂಳಿಗೆ ಇರುವೆ ಮುತ್ತುತ್ತಿದ್ದವು, ಇಲಿ ಕಚ್ಚುತ್ತಿದ್ದವು. ನೀರಿನ ಕೊಡಗಳ ಪಕ್ಕ ತಂಪಿನಲ್ಲಿ ತೂಗುಹಾಕಿ ಒದ್ದೆ ಬಟ್ಟೆ ಹೊದಿಸುತ್ತಿದ್ದೆ. ಆದರೂ ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಯುಗಾದಿ ಕಳೆದ ಮೇಲೆ ಹೊತ್ತು ಸ್ವಲ್ಪ ಏರಿದರೆ ಸಾಕು, ರೂಳು ಬೆವರುತ್ತಿತ್ತು. ಇನ್ನೂ ಏರಿದರೆ ಅಂಟಂಟಾಗಿ ಕಾಗದವನ್ನೇ ಹಿಡಿದುಕೊಳ್ಳುತ್ತಿತ್ತು. ಅದಕ್ಕೆ ನಸುಕಿನಲ್ಲಿ ಶುರು ಮಾಡಿ ದನ ಮೇಯಲು ಹೋಗುವ ಹೊತ್ತಿಗೆ ನಿಲ್ಲಿಸುವುದು ನಮ್ಮ ನೇಮ. ಎದುರು ಮನೆಯ ಮಗ್ಗದ ಸಪ್ಪಳ, ನಮ್ಮ ಚಕ್ರದ ಸಪ್ಪಳ, ಎರಡೂ ಒಟ್ಟಿಗೆ ಏಳುತ್ತಿದ್ದವು. ಆ ಎರಡು ತಿಂಗಳು ಚೆನ್ನಾಗಿದ್ದವು. ಹೆಚ್ಚು ಹೇಳಲು ಏನೂ ಇಲ್ಲ, ಕೆಲಸ ಇತ್ತು, ನಡೆಯುತ್ತಿತ್ತು.

ವೈಶಾಖದಲ್ಲಿ ರೋಣದ ಒಬ್ಬ ಸಾಹುಕಾರರ ಮಗಳ ಲಗ್ನದ ಪತ್ರಿಕೆ ಬಂತು. ಒಯ್ಯಲು ಅವರ ಗುಮಾಸ್ತ ಬೆಳಗಿನ ಮೊದಲ ಬಸ್ಸಿಗೆ ಬರಬೇಕಿತ್ತು, ಬರಲಿಲ್ಲ. ನಾವು ಮುಕ್ಕಾಲು ಪಾಲು ಮುಗಿಸಿ ಹೊತ್ತೇರಿತೆಂದು ನಿಲ್ಲಿಸಿದ್ದೆವು. ಇನ್ನು ಆತ ಬರುವುದು ನಾಳೆಯೇ, ಉಳಿದದ್ದು ಮರುದಿನ ನಸುಕಿಗೆ ಎಂದು ರೂಳು ಬಿಚ್ಚಿ ತೂಗುಹಾಕಿದ್ದೆ. ಬಸ್ಸು ಕೆಟ್ಟಿತ್ತಂತೆ, ಆತ ಮಧ್ಯಾಹ್ನದ ಹೊತ್ತಿಗೆ ಬಂದ. ಮೈಯೆಲ್ಲ ಧೂಳು, ಕೆಟ್ಟ ಸಿಟ್ಟು.

"ಎಲ್ಲಾ ಆಗ್ಯಾವಿಲ್ರಿ?"

"ಇನ್ನೂ ಇನ್ನೂರ ಅದಾವ್ರಿ," ಅಂದರು ಇವರು. "ಮುಂಜಾನೆ ಕೊಡತೀನಿ."

"ಮುಂಜಾನೆ ಮತ್ತ ಬರಾಕ ನನ್ನ ಕಾಲೇನ ಬಿಟ್ಟಿ ಬಿದ್ದಾವ? ಸಂಜಿ ಬಸ್ಸಿಗೆ ಒಯ್ಯಾಕ ಬೇಕು. ನಾಳೆ ಬೀಗರ ಊರಿಗೆ ಹಂಚಾಕ ಹೊಂಟಾರ." ಹಾಗೆಂದು ಗೋಡೆಯ ಹತ್ತಿರದ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟ.

ಕಾಲಿನ ಮಾತು ಇವರಿಗೆ ತಾಗಿತೋ ಏನೋ. ಮಣೆ ಹತ್ತಿ ಕೂತರು. ನಾನು ರೂಳು ತಿರುಗಿ ಹಾಕಿ, ಸೆರಗು ಹೊದ್ದು ಚಕ್ರದ ಹತ್ತಿರ ಹೋಗಿ ನಿಂತೆ. ಪರವೂರ ಗಂಡಸು ಕೂತಿದ್ದ ಕಡೆ ಹಾಗೇ ನಿಲ್ಲುವುದು.

ನೂರು ಹಾಳೆ ಹೇಗೋ ಹೋದವು. ಆಮೇಲೆ ರೂಳು ಸೋತಿತು. ಹಾಳೆ ಮೊಳೆಗೇ ಅಂಟಿಕೊಂಡು ಉಳಿಯತೊಡಗಿತು. ಇವರು ಪ್ರತಿ ಸಲ ಬಲಗೈಯನ್ನು ಒಳಗೆ ಹಾಕಿ ಅದನ್ನು ಕಿತ್ತು, ಹಲಗೆಗಳು ಕೂಡುವುದರೊಳಗೆ ಹೊಸದು ಇಡುತ್ತಿದ್ದರು. ನಾನು ನಿಂತ ಕಡೆಯಿಂದ ಅವರ ಬಲಗೈ ಕಾಣುವುದಿಲ್ಲ. ಹಾಳೆ ಕಿತ್ತ ಚರ್‍ರ್ ಎಂಬ ಸಪ್ಪಳ ಕೇಳುತ್ತಿತ್ತು, ಅಷ್ಟೆ. ಒಮ್ಮೆ ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. ಸಪ್ಪಳ ಸ್ವಲ್ಪ ಸ್ವಲ್ಪ ತಡವಾಗುತ್ತಿದೆ ಎಂದು ನನಗೆ ತಿಳಿಯಿತು.

"ನಿಲ್ಲಸ್ತೀನ್ರಿ," ಅಂದೆ, ಮೆಲ್ಲಗೆ.

"ನಿಲ್ಲಸಬ್ಯಾಡ. ಐವತ್ತ ಉಳದಾವ."

ಮನೆಯಲ್ಲಿ ನಾವಿಬ್ಬರೇ ಇದ್ದಿದ್ದರೆ ಆ ಮಾತು ಮುಗಿಯುವ ಮುಂಚೆ ಕಾಲು ತೆಗೆದು, ಚಕ್ರಕ್ಕೆ ಸೊಂಟ ಕೊಟ್ಟು ನಿಲ್ಲಿಸಿ, ರೂಳು ಬಿಚ್ಚಿಕೊಂಡು ಹಿತ್ತಲಿಗೆ ನಡೆಯುತ್ತಿದ್ದೆ. ಅವರು ಬೈಯುತ್ತಿದ್ದರು. ಬೈದು ಕೊನೆಗೆ ನೀರು ಕೇಳುತ್ತಿದ್ದರು. ಆ ದಿನ ನಾನು ತುಳಿದೆ.

ಆರೋ ಏಳೋ ಹಾಳೆ ಹೋದವು. ಆಮೇಲೆ ಚರ್‍ರ್ ಎಂಬ ಸಪ್ಪಳ ಬರಲಿಲ್ಲ. ಅವರು "ಹೋ" ಅನ್ನಲೂ ಇಲ್ಲ. ಕಾಲ ಕೆಳಗಿನ ಹಲಗೆ ಸ್ವಲ್ಪ ಬಿಗಿಯಾದಂತಾಯಿತು. ಮೊಳೆಯ ಕಟ್ಟು ದಪ್ಪ ಕಾಗದಕ್ಕೆ ಸಿಕ್ಕಾಗ ಆಗುತ್ತಿತ್ತಲ್ಲ, ಹಾಗೆ. ನಾನು ಕಾಲು ತೆಗೆದೆ. ಚಕ್ರ ತನ್ನ ಭಾರಕ್ಕೆ ತಾನು ಇನ್ನೊಂದು ಸುತ್ತು ಹೋಯಿತು. ಕೈಯನ್ನು ಎರಡು ಸಲ ಹಿಡಿಯಿತು.

ಬಾಯಿ ತೆರೆದ ಮೇಲೆ ಅವರು ಕೈ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತರು. ಹೆಬ್ಬೆರಳು ಇತ್ತು. ಉಳಿದ ನಾಲ್ಕು ಚಪ್ಪಟೆಯಾಗಿ, ಮೇಲೆ ಸಾಹುಕಾರರ ಮಗಳ ಹೆಸರಿನ ಅಕ್ಷರಗಳು ಕೂತಿದ್ದವು. ನಾನು ನನ್ನ ಸೆರಗು ಹರಿದು ಸುತ್ತಿದೆ. ಎದುರು ಮನೆಯ ಮಗ್ಗ ನಿಂತಿತು. ನೀಲವ್ವನ ಗಂಡ ಗಾಡಿ ಹೂಡಲು ಓಡಿದ. ಗುಮಾಸ್ತ ಎದ್ದು ಬಂದು ಮುಗಿದ ಪತ್ರಿಕೆಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ನೋಡತೊಡಗಿದ. ರಕ್ತ ಬಿದ್ದವನ್ನು ಬೇರೆ ಇಟ್ಟ.

"ಶುಭಕಾರ್ಯದ್ದು, ತಪ್ಪ ತಿಳೀಬ್ಯಾಡ್ರಿ ತಂಗಿ," ಅಂದ. "ಚಲೋ ಇದ್ದಾವ ಅಷ್ಟ ಒಯ್ತೀನಿ."

ಕಟ್ಟಿಕೊಂಡು ಹೋದ. ಆ ಲಗ್ನ ನಡೆಯಿತು, ಬಹಳ ಜೋರಾಗಿ ನಡೆಯಿತು ಎಂದು ಆಮೇಲೆ ಕೇಳಿದೆ.

ರೋಣದ ದವಾಖಾನೆಯಲ್ಲಿ ಕಟ್ಟು ಹಾಕಿ ಗದಗಿಗೆ ಕಳಿಸಿದರು. ಗದಗಿನಲ್ಲಿ ನಾಲ್ಕು ಬೆರಳು ತೆಗೆದರು. ಯಾರು ಕೇಳಿದರೂ ಇವರದು ಒಂದೇ ಮಾತು: "ನಂದ ತಪ್ಪು. ನಾನ ನಿಲ್ಲಸಬ್ಯಾಡ ಅಂದೆ." ಡಾಕ್ಟರರಿಗೆ ಹೇಳಿದರು, ನನ್ನ ಅಪ್ಪನಿಗೆ ಹೇಳಿದರು, ಓಣಿಯವರಿಗೆಲ್ಲ ಹೇಳಿದರು. ನನ್ನ ಮುಂದೆ ಮಾತ್ರ ಆ ಮಾತೇ ಇಲ್ಲ.

ತಿರುಗಿ ಬಂದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಅಚ್ಚಿನ ಕೋಣೆಗೆ ಕಾಲಿಡಲಿಲ್ಲ. ಜಗಳವಾಡಲೂ ಇಲ್ಲ. ನಾನು ಏನು ಬಡಿಸಿದರೂ ಉಣ್ಣುತ್ತಿದ್ದರು. ಎಡಗೈಯಿಂದ ಮೊಳೆ ಹೆಕ್ಕಲು ಕಲಿಯಿರಿ ಎಂದು ಒಮ್ಮೆ ಅಂದೆ. ಆ ಎಡಗೈಯನ್ನೇ ತೊಡೆಯ ಕೆಳಗೆ ಇಟ್ಟುಕೊಂಡು ರಸ್ತೆ ನೋಡಿದರು.

ನಾನು ಲಕ್ಕಲಕಟ್ಟಿಯಲ್ಲಿ ಎರಡು ವರ್ಷ ಸಾಲಿಗೆ ಹೋದವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಹೇಗೂ ಅವರ ಕೈ ಹೋಯಿತು, ನನ್ನ ಕೈ ಇದೆಯಲ್ಲ ಎಂದು ಒಂದು ಬೆಳಿಗ್ಗೆ ಹಳೆಯ ಪತ್ರಿಕೆಯೊಂದನ್ನು ಎದುರಿಗಿಟ್ಟುಕೊಂಡು ಖಾನೆಗಳ ಮುಂದೆ ನಿಂತೆ. ತಿರುವುಮುರುವು ಅಕ್ಷರ, ಮೊದಲು ಏನೂ ತಿಳಿಯಲಿಲ್ಲ. ಒಂದು ಮೊಳೆ ಹೆಕ್ಕಿ ಪತ್ರಿಕೆಯ ಪಕ್ಕ ಹಿಡಿಯುವುದು, ಅಲ್ಲವಾದರೆ ಮತ್ತೆ ಹಾಕುವುದು. ಹತ್ತು ದಿನಕ್ಕೆ ಒಂದು ಸಾಲು ಬಂತು. ಇಪ್ಪತ್ತು ದಿನಕ್ಕೆ ನಾಲ್ಕು ಸಾಲು. ಮೊಳೆ ಸಾಲಿಗೆ ಬಿದ್ದಾಗ ಟಿಕ್ ಎಂದು ಸಪ್ಪಳವಾಗುತ್ತದೆ. ಕಟ್ಟೆಯ ಮೇಲೆ ಕೂತವರಿಗೆ ಅದು ಕೇಳುತ್ತಿತ್ತು. ನನಗೆ ಅದು ಹೊಳೆಯಲಿಲ್ಲ.

ಒಂದು ದಿನ ಕೋಲೂರುತ್ತ ಒಳಗೆ ಬಂದರು. ನೋಡಲು ಬಂದರು ಅಂದುಕೊಂಡು ಸರಿದು ನಿಂತೆ. ಕೋಲಿನ ಬಾಗಿದ ತುದಿಯನ್ನು ಖಾನೆಯ ತಟ್ಟೆಗೆ ಸಿಕ್ಕಿಸಿ ಎಳೆದರು. ಇಡೀ ತಟ್ಟೆ ಮಗುಚಿ ಬಿತ್ತು. ಸೀಸ ಬೀಳುವ ಸಪ್ಪಳ ಮಳೆಯ ಹಾಗಲ್ಲ, ಕಲ್ಲಿನ ಹಾಗೂ ಅಲ್ಲ.

"ಆತ್ರಿ?" ಅಂದೆ. "ಇನ್ನೊಂದ ಉಳದೈತಿ ನೋಡ್ರಿ."

ಆ ಇನ್ನೊಂದನ್ನೂ ಎಳೆದು ಕೆಡವಿದರು. ಅವರು ನಲವತ್ತು ದಿನ ಕೂತು ವಿಂಗಡಿಸಿದ್ದು ಅದೆಲ್ಲ. ಮೊಳೆಗಳ ಮೇಲೇ ಕೋಲೂರಿ, ಜಾರಿ, ಗೋಡೆ ಹಿಡಿದು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಆ ನಾಲ್ಕು ಸಾಲು ನನ್ನ ಕೈಯಲ್ಲೇ ಉಳಿದಿತ್ತು. ಅದನ್ನೂ ಆ ರಾಶಿಗೆ ಹಾಕಿದೆ.

ಮಳೆ ಬಿತ್ತು. ಹೇಳಿದಂತೆ ಹುಸೇನಸಾಬ ಬಂದ. ಗೆಳೆಯನ ಕೈ ನೋಡಿದ. ಒಳಗೆ ಬಂದು ನೆಲದ ತುಂಬ ಬಿದ್ದಿದ್ದ ಮೊಳೆ ನೋಡಿದ. ಆಮೇಲೆ ತನ್ನ ಚೀಲದಿಂದ ಕಬ್ಬಿಣದ ಪಟ್ಟಿ ತೆಗೆದು ಹಿಡಿಕೆಯ ಕೆಲಸ ಶುರು ಮಾಡಿದ. ಯಾರಿಗೆ ಎಂದು ನಾನು ಕೇಳಲಿಲ್ಲ. ನಾನು ರೊಟ್ಟಿ ಬಡಿದು ಮುಗಿಸುವುದರೊಳಗೆ ಅವನ ಕೆಲಸವೂ ಮುಗಿದಿತ್ತು. ಅಷ್ಟೇ ಹೊತ್ತಿನ ಕೆಲಸ ಅದು.

"ಅಕ್ಕಾ, ಮಿಲ್ಲ ಬಿಟ್ಟ ಒಂದ ದಿನಾ ನಾ ಬರಬೇಕಾಗಿತ್ತು."

"ಬಂದಿದ್ರ ಇವತ್ತ ಪತ್ರಿಕಿ ಅದಾವ, ನಾಳೆ ಬಾ ಅಂತಿದ್ರು. ಉಣ್ಣೇಳು."

ಆ ಮಳೆಗಾಲ ಪೂರ್ತಿ ನಾನು ಮೊಳೆ ಆರಿಸಿದೆ. ಬೆಳಿಗ್ಗೆ ಎದುರು ಮನೆಗೆ, ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡಲು ಹೋಗುತ್ತಿದ್ದೆ, ಹೊಟ್ಟೆ ನಡೆಯಬೇಕಲ್ಲ. ಮಧ್ಯಾಹ್ನ ಬಂದು ಮೊರದ ತುಂಬ ಮೊಳೆ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂರುತ್ತಿದ್ದೆ. ಹೊರಗೆ ಎರಿಮಣ್ಣು ಕಾಲು ಕೀಳಲಾರದಷ್ಟು ಹಸಿ. ಮಾಳಿಗೆ ಎರಡು ಕಡೆ ಸೋರುತ್ತಿತ್ತು. ಊರ ಮೇಲಿನ ಕೋಟೆ ಗುಡ್ಡ ದಿನಗಟ್ಟಲೆ ಮೋಡದೊಳಗಿಂದ ಹೊರಗೆ ಬರಲಿಲ್ಲ. ಕೊಣ್ಣೂರಿನಲ್ಲಿ ಹೊಳೆಯ ಸೇತುವೆಯ ಮೇಲೆ ನೀರು ಬಂದಿದೆ ಎಂದು ಯಾರೋ ಅಂದರು. ಬಂದರೆ ಬರಲಿ ಅಂದುಕೊಂಡೆ. ನೀಲವ್ವ ದಿನಾ ಹಾದುಹೋಗುವಾಗ, "ಜ್ವಾಳಾ ಹಸನ ಮಾಡಿದ್ರ ರೊಟ್ಟಿ ಆಗತೈತಿ, ಸೀಸಾ ಹಸನ ಮಾಡಿದ್ರ ಏನಾಗತೈತೆ ನಮ್ಮವ್ವಾ?" ಅನ್ನುತ್ತಿದ್ದಳು. ಮೊದಮೊದಲು ನಗುತ್ತ ಅಂದಳು, ಆಮೇಲೆ ನಗದೆ ಅಂದಳು.

ಅವರು ಅಲ್ಲೇ ಕಟ್ಟೆಯ ಮೇಲೆ, ನನ್ನಿಂದ ಎರಡು ಮಾರು ದೂರ. ಒಂದು ಮೊಳೆಯನ್ನೂ ಎತ್ತಿ ಕೊಡಲಿಲ್ಲ. ಮತ್ತೆ ಕೆಡವಲೂ ಇಲ್ಲ. ಕೆಡವದಿದ್ದುದನ್ನೇ ನಾನು ಒಳ್ಳೆಯದೆಂದು ಎಣಿಸಿದೆ. ಎಲ್ಲ ಖಾನೆ ತುಂಬಿದ ದಿನ ಬಂದು ಕೂರುತ್ತಾರೆ, ಹೇಳಿಕೊಡುತ್ತಾರೆ, ನನ್ನ ಕೈಯಿಂದಲೇ ಅಚ್ಚಿನ ಮನೆ ನಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ದಡ್ಡಿ.

ದೀಪಾವಳಿಯ ಹೊತ್ತಿಗೆ ಆರಿಸುವುದು ಮುಗಿಯಿತು. ಅಷ್ಟರಲ್ಲಿ ಯಾವ ಮೊಳೆಯನ್ನು ಮುಟ್ಟಿದರೂ ಇದು ಯಾವ ಅಕ್ಷರ ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಕಾರ್ತಿಕದಲ್ಲಿ ನೀಲವ್ವನೇ ತನ್ನ ಮೈದುನನ ಲಗ್ನದ ಪತ್ರಿಕೆ ಮಾಡಿಕೊಡು ಎಂದು ಬಂದಳು. ಕರುಣೆಗೆ ಬಂದಳು ಎಂದು ಗೊತ್ತಿತ್ತು, ಒಪ್ಪಿಕೊಂಡೆ. ಮೂರು ದಿನ ಕೂತು ಜೋಡಿಸಿದೆ. ಚೌಕಟ್ಟಿನಲ್ಲಿ ಬಿಗಿದು ಮೇಜಿನ ಮೇಲೆ ಇಟ್ಟು, ಹೊರಗೆ ಹೋಗಿ ಹೇಳಿದೆ: "ಒಂದ ಸಲ ನೋಡ್ರಿ. ತಪ್ಪಿದ್ರ ಹೇಳ್ರಿ."

ಬಂದರು. ಕೋಲನ್ನು ಗೋಡೆಗೆ ಒರಗಿಸಿದರು. ಬಗ್ಗಿ, ತಿರುವುಮುರುವು ಇದ್ದದ್ದನ್ನು, ನಾವು ನೆಟ್ಟಗಿನದನ್ನು ಓದುವುದಕ್ಕಿಂತ ಬೇಗ ಓದಿ ಮುಗಿಸಿದರು. ಎಡಗೈಯ ಹೆಬ್ಬೆರಳಿನಿಂದ ಸಾಲುಗಳ ಅಂಚು ಸವರಿದರು.

"ತಪ್ಪಿಲ್ಲ," ಅಂದರು.

ಅವರು ತಲೆ ಎತ್ತಲಿಲ್ಲ.

"ಅವತ್ತ ನೀ ನಿಲ್ಲಸ್ತೀನಿ ಅಂದಿದ್ದಿ."

"ಹೌದ್ರಿ."

"ಬ್ಯಾಡ ಅಂದೆ ನಾ."

"ಹೌದ್ರಿ."

"ಈ ಮನ್ಯಾಗ ನಾ ಹೇಳಿದ್ದ ಏನ ಕೇಳೀದಿ ನೀ? ಸಾರಿಗೆ ಖಾರ ಕಡಿಮಿ ಹಾಕ ಅಂದ್ರ ಕೇಳಿಲ್ಲ. ನರಗುಂದಕ್ಕ ಬರಬ್ಯಾಡ ಅಂದ್ರ ಕೇಳಿಲ್ಲ. ಅದೊಂದ ಯಾಕ ಕೇಳಿದಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆರು ತಿಂಗಳಿಂದ ಗೊತ್ತಾಗದ ಒಂದು ಸಂಗತಿಯನ್ನು ಗೊತ್ತುಮಾಡಿಕೊಳ್ಳಲು ಕೇಳಿದರು. ಸುಳ್ಳು ಹೇಳಬಹುದಿತ್ತು. ಕೇಳಿಸಲಿಲ್ಲ ಅನ್ನಬಹುದಿತ್ತು, ಹೆದರಿದೆ ಅನ್ನಬಹುದಿತ್ತು. ನನಗೆ ಹಾಗೆ ಮಾತಾಡಲು ಬರುವುದಿಲ್ಲ.

"ಮಂದಿ ಕುಂತಿದ್ರು," ಅಂದೆ.

"ಹೂಂ," ಅಂದರು. ಕೋಲು ತೆಗೆದುಕೊಂಡು ಹೊರಗೆ ಹೋದರು.

ನೀಲವ್ವನ ಕೆಲಸ ಒಪ್ಪಿಕೊಂಡಿದ್ದೆನಲ್ಲ, ಮುಗಿಸಿ ಕೊಟ್ಟೆ. ತುಳಿದದ್ದೂ ನಾನೇ, ಹಾಳೆ ಇಟ್ಟದ್ದೂ ನಾನೇ. ಹಲಗೆಗಳು ಕೂಡಿದಾಗೊಮ್ಮೆ ಕಟ್ಟೆಯ ಮೇಲೆ ಅವರ ಭುಜ ಎಳೆದಂತಾಗುತ್ತಿತ್ತು. ಬಾಗಿಲಿಂದ ಕಾಣುತ್ತಿತ್ತು. ಕಡೆಯ ಹಾಳೆಯ ತನಕ ಅದು ನಿಲ್ಲಲಿಲ್ಲ. ಹಿಂಗಾರಿ ಜೋಳ ತೆನೆ ಹಿರಿಯುವ ಹೊತ್ತಿಗೆ ಹುಸೇನಸಾಬ ಕೊಪ್ಪಳದ ಕಡೆಯವರೊಬ್ಬರನ್ನು ಕರೆತಂದ. ಯಂತ್ರ, ಮೊಳೆ, ಖಾನೆ ಎಲ್ಲ ಒಯ್ದರು. ಕೊಡೋಣವೇ ಎಂದು ಇವರನ್ನು ನಾನು ಕೇಳಲಿಲ್ಲ. ಅವರು ಬೇಡ ಅನ್ನಲಿಲ್ಲ.

ಆಮೇಲೆ ನಾನು ಕಂಡಿಕೆ ಸುತ್ತಿಕೊಂಡೇ ಇದ್ದೆ. ಅವರು ಹತ್ತೊಂಬತ್ತು ವರ್ಷ ಬದುಕಿದರು. ಯಾರದಾದರೂ ಲಗ್ನಕ್ಕೆ ಕರೆ ಬಂದರೆ ನಾನೊಬ್ಬಳೇ ಹೋಗುತ್ತಿದ್ದೆ. ಬಲಗೈಯಲ್ಲಿ ತುತ್ತು ಹಿಡಿಯಲು ಬೆರಳಿಲ್ಲ. ಸಾಲು ಪಂಕ್ತಿಯಲ್ಲಿ ಕೂತು ಎಡಗೈಯಿಂದ ಉಂಡರೆ ಪಕ್ಕದವರು ಎಲೆ ಸರಿಸಿಕೊಳ್ಳುತ್ತಾರೆ. ಒಮ್ಮೆ ಹಾಗಾದ ಮೇಲೆ ಅವರು ಹೋಗಲಿಲ್ಲ. ನಾನು ಅಲ್ಲಿ ಉಣ್ಣದೆ, ಮುಖ ತೋರಿಸಿ ಬಂದು, ಒಲೆ ಹೊತ್ತಿಸಿ ಅನ್ನ ಮಾಡಿ, ಮುಂಬಾಗಿಲ ಅಗಳಿ ಹಾಕಿ ಬಡಿಸುತ್ತಿದ್ದೆ. ಯಾರಾದರೂ ಬಾಗಿಲು ಬಡಿದರೆ ತಟ್ಟೆ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಉಣ್ರಿ, ಯಾರೂ ಇಲ್ಲ ಅನ್ನುತ್ತಿದ್ದೆ. ಆಮೇಲೆ ಉಣ್ಣುತ್ತಿದ್ದರು.